ಅಜಯ ನದಿಯ ದಡದ ಕೆಂದುಲಿ: ಒಂದು ಗಾಯಕ ಸಮಾವೇಶದ ಚಾರಿತ್ರಿಕ ವಿವೇಚನೆ

ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ದಕ್ಷಿಣದ ಗಡಿಯಲ್ಲಿ, ಅಜಯ ನದಿಯ ಉತ್ತರ ದಡದ ಮೇಲೆ, ಕೆಂದುಲಿಯೆಂಬ ಒಂದು ಸಣ್ಣ ಗ್ರಾಮವಿದೆ. ಜನರು ಅದನ್ನು ಜಯದೇವ ಕೆಂದುಲಿಯೆಂದು ಕರೆಯುವುದು ರೂಢಿ. ವರ್ಷದ ಬಹುಭಾಗ ಆ ಸೀಮೆಯ ಇತರ ಬೇಸಾಯದ ಊರುಗಳಿಗಿಂತ ಅದು ಬೇರೆಯಾಗಿ ಕಾಣುವುದಿಲ್ಲ. ಪೌಷ ಮಾಸದ ಕಡೆಯ ದಿನ, ಎಂದರೆ ನಮ್ಮ ಮಕರ ಸಂಕ್ರಾಂತಿಯ ಹೊತ್ತಿಗೆ, ಅಲ್ಲಿ ನದೀಸ್ನಾನಕ್ಕಾಗಿ ಜನ ಸೇರುತ್ತಾರೆ. ಅವರೊಡನೆ ಬಂಗಾಳದ ಹಲವು ಕಡೆಗಳಿಂದ ಬಾವುಲರೆಂಬ ಹಾಡುಗಾರ ಸಾಧಕರು ಬಂದು, ಆಲದ ಮರಗಳ ಬುಡದಲ್ಲಿಯೂ ತಾತ್ಕಾಲಿಕವಾದ ಚಪ್ಪರಗಳಲ್ಲಿಯೂ ಬೀಡುಬಿಟ್ಟು, ರಾತ್ರಿಯಿಡೀ ಹಾಡುತ್ತಾರೆ. ಈ ಬೀಡುಗಳಿಗೆ ಆಖ್‌ಡಾ ಎಂದು ಹೆಸರು. ನಮ್ಮಲ್ಲಿ ಅಖಾಡವೆಂಬುದು ಕುಸ್ತಿಯ ಕಣದ ಮಾತಾದರೆ, ಅಲ್ಲಿ ಅದು ಸಾಧುಗಳು ಕೂಡಿ ಕುಳಿತುಕೊಳ್ಳುವ ಎಡೆ.

ಈ ಸಮಾವೇಶ ಕವಿ ಜಯದೇವನ ಕಾಲದಿಂದ, ಎಂಟುನೂರು ವರ್ಷಗಳ ಕಾಲ, ಎಡೆಬಿಡದೆ ನಡೆದುಬಂದಿದೆಯೆಂದು ಜನಪ್ರಿಯ ಬರಹಗಳಲ್ಲಿ ಹೇಳುವುದುಂಟು. ಇತಿಹಾಸದ ಅಧ್ಯಾಪಕನಿಗೆ ಇಂತಹ ಮಾತು ಕಿವಿಗೆ ಬಿದ್ದೊಡನೆ ಸಂಶಯವುಂಟಾಗುವುದು ಸಹಜ. ಆದರೆ ಸಂಶಯಪಟ್ಟು ಸುಮ್ಮನಾಗುವುದೂ ನಂಬಿ ಸುಮ್ಮನಾಗುವುದೂ ಸೋಮಾರಿತನದ ಎರಡು ಬಗೆಗಳಷ್ಟೆ. ನದಿ, ಕವಿ, ದೇವಾಲಯ, ಹಾಡುಗಾರರು ಎಂಬ ನಾಲ್ಕು ಸಂಗತಿಗಳು ಕೆಂದುಲಿಯಲ್ಲಿ ಒಂದರ ಮೇಲೊಂದು ಕೂಡಿಕೊಂಡಿವೆ. ಅವು ಒಂದೇ ಕಾಲಕ್ಕೆ ಸೇರಿದುವಲ್ಲ. ಅವುಗಳನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ನದಿಯ ವಿಷಯ. ಅಜಯವು ಬಿಹಾರದ ಗುಡ್ಡಗಾಡಿನಲ್ಲಿ ಹುಟ್ಟಿ, ಝಾರ್ಖಂಡವನ್ನು ಹಾದು, ಬೀರ್‌ಭೂಮ್ ಮತ್ತು ಬರ್ಧಮಾನ ಸೀಮೆಗಳ ನಡುವೆ ಗಡಿಯಾಗಿ ಹರಿದು, ಕಾಟ್ವಾ ಪಟ್ಟಣದ ಬಳಿ ಭಾಗೀರಥಿಯನ್ನು ಸೇರುತ್ತದೆ; ಒಟ್ಟು ಉದ್ದ ಸುಮಾರು 288 ಕಿಲೋಮೀಟರು. ಇದು ಮಳೆಯನ್ನೇ ನಂಬಿದ ನದಿ. ಮಳೆಗಾಲದಲ್ಲಿ ಉಕ್ಕಿ ದಡಗಳನ್ನು ಕೊಚ್ಚಿಕೊಂಡು ಹೋಗುವ ಇದು ಚಳಿಗಾಲದಲ್ಲಿ ಅಗಲವಾದ ಮರಳಿನ ಹಾಸಿನ ನಡುವೆ ಒಂದು ತೆಳುವಾದ ಹರಿವಾಗಿ ಉಳಿಯುತ್ತದೆ. ಈ ದಡಗಳಲ್ಲಿ ಜನವಸತಿ ಅತಿ ಪ್ರಾಚೀನವಾದುದು. ಕೆಳಭಾಗದಲ್ಲಿ, ಬರ್ಧಮಾನದ ಕಡೆಯಲ್ಲಿರುವ ಪಾಂಡು ರಾಜಾರ್ ಢಿಬಿ ಎಂಬ ದಿಬ್ಬದಲ್ಲಿ 1960ರ ದಶಕದ ಆದಿಯಲ್ಲಿ ನಡೆದ ಉತ್ಖನನಗಳು ತಾಮ್ರಶಿಲಾಯುಗದ ನೆಲೆಯೊಂದನ್ನು ಬೆಳಕಿಗೆ ತಂದುವು. ಇಚಾಯಿ ಘೋಷನ ದೇಗುಲವೆಂದು ಹೆಸರಾದ ಎತ್ತರವಾದ ಇಟ್ಟಿಗೆಯ ಶಿಖರವೂ ಅಜಯದ ದಕ್ಷಿಣ ದಡದಲ್ಲಿಯೇ ನಿಂತಿದೆ.

ಸ್ನಾನದ ದಿನ ಗೊತ್ತಾದುದಕ್ಕೆ ಊರವರು ಹೇಳುವ ಕಥೆ ಹೀಗೆ. ಜಯದೇವನು ಪ್ರತಿ ಸಂಕ್ರಾಂತಿಗೂ ಗಂಗಾಸ್ನಾನಕ್ಕಾಗಿ ಕಾಟ್ವಾದವರೆಗೆ ನಡೆದು ಹೋಗುತ್ತಿದ್ದನಂತೆ. ಒಂದು ವರ್ಷ ಹೋಗಲಾಗದೆ ಅವನು ಕೊರಗುತ್ತಿರಲು, ಗಂಗೆ ಸ್ವಪ್ನದಲ್ಲಿ ಕಾಣಿಸಿಕೊಂಡು, ತಾನೇ ಅಜಯದಲ್ಲಿ ಎದುರೇರಿ ಕೆಂದುಲಿಯ ಕದಂಬಖಂಡಿ ಘಟ್ಟದವರೆಗೆ ಬರುವುದಾಗಿ ಅಭಯಕೊಟ್ಟಳು. ಇಂತಹ ಕಥೆಗಳು ನಮ್ಮ ನಾಡಿನ ಅನೇಕ ಹೊಳೆಗಳ ದಡದಲ್ಲಿಯೂ ಇವೆ. ಸಣ್ಣ ಹೊಳೆಯೊಂದು ವರ್ಷಕ್ಕೊಂದು ದಿನ ಗಂಗೆಯಾಗುವುದು ಭಾರತದಲ್ಲಿ ಹೊಸ ಸಂಗತಿಯಲ್ಲ. ಆದರೆ ಕಥೆಯ ಬೆನ್ನಲ್ಲಿ ಇನ್ನೊಂದು ಲೆಕ್ಕವೂ ಇದೆ. ಪೌಷ ಮಾಸಕ್ಕೆ ಆಮನ್ ಬತ್ತದ ಕೊಯ್ಲು ಮುಗಿದು ಮನೆಗಳಲ್ಲಿ ಧಾನ್ಯವಿರುತ್ತದೆ. ಹೊಲದ ಕೆಲಸ ಕಡಮೆ. ಹೊಳೆಯನ್ನು ಮರಳಿನ ಮೇಲೆ ನಡೆದೇ ದಾಟಬಹುದು. ಭಿಕ್ಷೆಯಿಂದ ಜೀವಿಸುವ ಜನ ಒಂದೆಡೆ ಕೂಡಬೇಕಾದರೆ ಅವರಿಗೆ ಅನ್ನವಿಕ್ಕುವ ಶಕ್ತಿ ಊರಿಗೆ ಇರಬೇಕು. ಜ್ಯೇಷ್ಠದ ಬಿಸಿಲಲ್ಲಾಗಲಿ ಶ್ರಾವಣದ ಪ್ರವಾಹದಲ್ಲಾಗಲಿ ಈ ಸಮಾವೇಶ ನಡೆಯಲಾರದು. ಸುಗ್ಗಿಯ ಕಾಲದಲ್ಲಿ ನಮ್ಮ ಹಳ್ಳಿಗಳ ಬಾಗಿಲಿಗೆ ಹಾಡುವವರು ಹೆಚ್ಚಾಗಿ ಬರುತ್ತಿದ್ದುದನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಕವಿಯ ವಿಷಯ. ಗೀತಗೋವಿಂದದಲ್ಲಿ ಜಯದೇವನು ತಾನು ಕಿಂದುಬಿಲ್ವದಲ್ಲಿ ಹುಟ್ಟಿದವನೆಂಬ ಸೂಚನೆಯನ್ನು ಕೊಟ್ಟಿದ್ದಾನೆ. ಕಾವ್ಯದ ಆರಂಭದಲ್ಲಿ ಉಮಾಪತಿಧರ, ಶರಣ, ಗೋವರ್ಧನ, ಧೋಯಿ ಎಂಬ ಕವಿಗಳ ಹೆಸರು ಬರುತ್ತದೆ. ಇವರು ಬಂಗಾಳದ ಸೇನ ವಂಶದ ಅರಸನಾದ ಲಕ್ಷ್ಮಣಸೇನನ ಆಸ್ಥಾನದೊಡನೆ ಸಂಬಂಧವುಳ್ಳವರೆಂದು ಪ್ರಸಿದ್ಧಿ. 1205ರಲ್ಲಿ ಶ್ರೀಧರದಾಸನು ಸಂಕಲಿಸಿದ ಸದುಕ್ತಿಕರ್ಣಾಮೃತದಲ್ಲಿ ಜಯದೇವನ ಪದ್ಯಗಳಿವೆ. ಆದಕಾರಣ ಅವನ ಕಾಲವನ್ನು 12ನೆಯ ಶತಮಾನದ ಉತ್ತರಾರ್ಧವೆಂದು ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಇಲ್ಲಿ ಕನ್ನಡ ವಾಚಕರಿಗೆ ಕುತೂಹಲಕರವಾದ ಒಂದು ಸಂಗತಿಯನ್ನು ಹೇಳಲೇಬೇಕು. ಸೇನರು ತಮ್ಮನ್ನು ಕರ್ಣಾಟ ಮೂಲದವರೆಂದು ಹೇಳಿಕೊಂಡವರು. ವಿಜಯಸೇನನ ದೇವಪಾಡಾ ಶಾಸನವು, ಅವನ ಅಜ್ಜನಾದ ಸಾಮಂತಸೇನನು ಕರ್ಣಾಟದ ಸಿರಿಯನ್ನು ಸೂರೆಗೊಂಡ ವೈರಿಗಳನ್ನು ಕೊಂದನೆಂದೂ, ಮುಪ್ಪಿನಲ್ಲಿ ಗಂಗಾತೀರದ ಆಶ್ರಮಗಳನ್ನು ಸೇರಿದನೆಂದೂ ವರ್ಣಿಸುತ್ತದೆ. ಈ ಪ್ರಶಸ್ತಿಯನ್ನು ಬರೆದವನು ಮೇಲೆ ಹೆಸರಿಸಿದ ಉಮಾಪತಿಧರನೇ. ಲಕ್ಷ್ಮಣಸೇನನ ಮಾಧಾಯಿನಗರ ತಾಮ್ರಪಟದಲ್ಲಿ ಕರ್ಣಾಟ ಕ್ಷತ್ರಿಯರೆಂಬ ಮಾತು ಸ್ಪಷ್ಟವಾಗಿಯೇ ಇದೆ. ಕಾಟ್ವಾದ ಸಮೀಪದಲ್ಲಿ ದೊರೆತ ಬಲ್ಲಾಲಸೇನನ ನೈಹಾಟಿ ತಾಮ್ರಪಟವು ಈ ವಂಶದ ಹಿರಿಯರು ರಾಢ ದೇಶಕ್ಕೆ ಭೂಷಣರಾಗಿದ್ದರೆನ್ನುತ್ತದೆ. ರಾಢವೆಂದರೆ ಅಜಯವು ಹರಿಯುವ ಸೀಮೆಯೇ. ಕಲ್ಯಾಣದ ಚಾಳುಕ್ಯ ವಿಕ್ರಮಾದಿತ್ಯನು ಯುವರಾಜನಾಗಿದ್ದಾಗ ಗೌಡ ಕಾಮರೂಪಗಳವರೆಗೆ ದಂಡೆತ್ತಿ ಹೋದನೆಂದು ಬಿಲ್ಹಣನು ಹೇಳಿರುವುದರಿಂದ, ಆ ದಂಡಯಾತ್ರೆಗಳ ಜೊತೆಯಲ್ಲಿ ಹೋದ ದಂಡನಾಯಕರ ಮನೆತನವೊಂದು ಅಲ್ಲಿಯೇ ನೆಲಸಿ ರಾಜ್ಯ ಕಟ್ಟಿರಬೇಕೆಂದು ಇತಿಹಾಸಕಾರರು ಊಹಿಸಿದ್ದಾರೆ.

ಈ ಭಾಗವನ್ನು ತರಗತಿಯಲ್ಲಿ ಪಾಠ ಹೇಳುವಾಗ ವಿದ್ಯಾರ್ಥಿಗಳ ಮುಖ ಅರಳುವುದನ್ನು ಕಂಡಿದ್ದೇನೆ. ಹಾಗಾದರೆ ಗೀತಗೋವಿಂದದಲ್ಲಿ ನಮಗೂ ಪಾಲುಂಟೆ ಎಂದು ಕೇಳಿದವರೂ ಉಂಟು. ಪಾಲು ಕೇಳುವುದು ಸರಿಯಲ್ಲ. ಮೂರು ನಾಲ್ಕು ತಲೆಮಾರುಗಳು ಬಂಗಾಳದಲ್ಲಿ ಬಾಳಿದ ಮೇಲೆ ಲಕ್ಷ್ಮಣಸೇನನು ಬಂಗಾಳದ ಅರಸನೇ ಹೊರತು ಕರ್ಣಾಟಕದವನಲ್ಲ. ಕನ್ನಡಕ್ಕೆ ಈ ಕಾವ್ಯದೊಡನೆ ನಿಜವಾದ ಸಂಬಂಧ ಬೆಳೆದುದು ಇನ್ನೊಂದು ದಾರಿಯಿಂದ, ಬಹಳ ತಡವಾಗಿ: ಮೈಸೂರಿನ ಚಿಕ್ಕದೇವರಾಜ ಒಡೆಯರ (1673-1704) ಹೆಸರಿನಲ್ಲಿ ಪ್ರಸಿದ್ಧವಾದ ಗೀತಗೋಪಾಲವು ಜಯದೇವನ ಕೃತಿಯನ್ನು ಮಾದರಿಯಾಗಿ ಇಟ್ಟುಕೊಂಡುದು.

ಕಿಂದುಬಿಲ್ವ ಯಾವುದೆಂಬ ವಿವಾದ ಇನ್ನೂ ತಣ್ಣಗಾಗಿಲ್ಲ. ಒಡಿಶಾದ ವಿದ್ವಾಂಸರು ಪ್ರಾಚಿ ನದಿಯ ದಡದ ಕೆಂದುಲಿ ಶಾಸನವೆಂಬ ಗ್ರಾಮವನ್ನು ತೋರಿಸುತ್ತಾರೆ. ಮಿಥಿಲೆಯವರದೂ ಒಂದು ಹಕ್ಕು ಇದೆ. ಒಡಿಶಾದ ಪಕ್ಷಕ್ಕೆ ಬಲವಾದ ಆಧಾರವೆಂದರೆ ಪುರಿಯ ಜಗನ್ನಾಥಾಲಯದೊಡನೆ ಗೀತಗೋವಿಂದಕ್ಕಿರುವ ಗಾಢ ಸಂಬಂಧ. ನಮ್ಮ ಕೃಷ್ಣದೇವರಾಯನ ಎದುರಾಳಿಯಾದ ಗಜಪತಿ ಪ್ರತಾಪರುದ್ರನು 1499ರ ಶಾಸನವೊಂದರಲ್ಲಿ, ಆ ದೇವಾಲಯದಲ್ಲಿ ಗೀತಗೋವಿಂದದ ಹೊರತು ಬೇರೆ ಹಾಡುಗಳನ್ನು ಹಾಡಕೂಡದೆಂದು ಆಜ್ಞಾಪಿಸಿದ್ದಾನೆ. ಆದರೆ ಕಾವ್ಯವನ್ನು ಹಾಡಿದ ಸ್ಥಳ ಬೇರೆ, ಕವಿ ಹುಟ್ಟಿದ ಸ್ಥಳ ಬೇರೆ. ಹಾಗೆಯೇ, ಲಕ್ಷ್ಮಣಸೇನನ ಆಸ್ಥಾನದಲ್ಲಿದ್ದನೆಂಬ ಕಾರಣದಿಂದಲೇ ಅವನು ಬೀರ್‌ಭೂಮಿನವನಾಗಬೇಕಾಗಿಲ್ಲ. ಆಸ್ಥಾನಕವಿಗಳು ಎಲ್ಲಿಂದಲೋ ಬಂದವರಾಗಿರುವುದು ವಾಡಿಕೆ. ಈ ಲೇಖನದ ಮಟ್ಟಿಗೆ ತೀರ್ಪು ಅವಶ್ಯವೂ ಅಲ್ಲ. ಅಜಯದ ದಡದ ಜನ ತಮ್ಮ ಊರನ್ನು ಜಯದೇವನದೆಂದು ನಂಬಿದರು, ಆ ನಂಬಿಕೆಯ ಸುತ್ತ ಒಂದು ದೇವಾಲಯವೂ ಒಂದು ಜಾತ್ರೆಯೂ ಬೆಳೆದುವು ಎಂಬುದು ಇಲ್ಲಿ ಗಣನೆಗೆ ಬರುವ ಸಂಗತಿ.

ದೇವಾಲಯವಂತೂ ಜಯದೇವನಿಗಿಂತ ಐದು ಶತಮಾನಗಳಷ್ಟು ಈಚಿನದು. ಈಗಿರುವ ರಾಧಾವಿನೋದ ಮಂದಿರವನ್ನು ಬರ್ಧಮಾನದ ರಾಜಮನೆತನದವರು 17ನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿಸಿದರೆಂದು ಪ್ರತೀತಿ. ಒಂಬತ್ತು ಶಿಖರಗಳ ನವರತ್ನ ಮಾದರಿಯ ಇಟ್ಟಿಗೆಯ ಕಟ್ಟಡವಿದು. ಮುಂಭಾಗದ ಸುಟ್ಟಮಣ್ಣಿನ ಫಲಕಗಳಲ್ಲಿ ರಾಮಾಯಣದ ದೃಶ್ಯಗಳಿವೆ. ಬಂಗಾಳದಲ್ಲಿ ಚೈತನ್ಯರ ಅನಂತರ ವೈಷ್ಣವ ಭಕ್ತಿಯು ಜಮೀನುದಾರ ಮನೆತನಗಳ ಆಶ್ರಯ ಪಡೆದು ಇಟ್ಟಿಗೆಯ ಮಂದಿರಗಳಾಗಿ ಎದ್ದುನಿಂತ ಕಾಲ ಅದು. 1860ರ ದಶಕದಲ್ಲಿ ನಿಂಬಾರ್ಕ ಸಂಪ್ರದಾಯದ ವ್ರಜವಾಸಿ ಸಾಧುಗಳ ಮಠವೊಂದು ಇಲ್ಲಿ ನೆಲಸಿತು. ಜಯದೇವನನ್ನು ತಮ್ಮ ಗುರುಪರಂಪರೆಗೆ ಸೇರಿಸಿಕೊಂಡವರು ಇವರು. ಹೀಗೆ ದೇವರು, ರಾಜರು, ಮಹಂತರು ಎಲ್ಲರೂ ಇರುವ ಕ್ರಮಬದ್ಧವಾದ ಒಂದು ತೀರ್ಥಕ್ಷೇತ್ರವಾಗಿ ಕೆಂದುಲಿ ರೂಪುಗೊಂಡಿತು.

ಹಾಗಾದರೆ ಬಾವುಲರು ಅಲ್ಲಿಗೆ ಏತಕ್ಕೆ ಬಂದರು? ಪ್ರಶ್ನೆಯ ತೊಡಕು ಇಲ್ಲಿದೆ. ಬಾವುಲರು ತೀರ್ಥಯಾತ್ರೆಯನ್ನು ಒಪ್ಪುವವರಲ್ಲ. ಮೂರ್ತಿಪೂಜೆಯನ್ನೂ ಜಾತಿಯನ್ನೂ ಶಾಸ್ತ್ರವನ್ನೂ ತಳ್ಳಿಹಾಕಿದವರು. ಅವರಲ್ಲಿ ಕೆಳಜಾತಿಗಳ ವೈಷ್ಣವರಿದ್ದಾರೆ, ಮುಸಲ್ಮಾನ ಫಕೀರರಿದ್ದಾರೆ. ಹುಡುಕಬೇಕಾದ 'ಮನದ ಮನುಷ್ಯ' ಈ ಶರೀರದಲ್ಲಿಯೇ ಇದ್ದಾನೆ, ಗುರುವಿನಿಂದ ದೊರೆಯುವ ದೇಹಸಾಧನೆಯಿಂದಲೇ ಅವನನ್ನು ಕಾಣಬೇಕು ಎಂಬುದು ಅವರ ನಿಲುವು. ಸ್ತ್ರೀಪುರುಷರು ಜೊತೆಯಾಗಿ ನಡೆಸುವ ಈ ಸಾಧನೆಯ ಗುಟ್ಟನ್ನು ಹೊರಗಿನವರಿಗೆ ಬಿಟ್ಟುಕೊಡದಂತೆ, ಎರಡರ್ಥದ ಮಾತುಗಳಲ್ಲಿ ಹಾಡು ಕಟ್ಟುತ್ತಾರೆ. ನಮ್ಮ ತತ್ತ್ವಪದಕಾರರ ಒಗಟಿನಂತಹ ಪದಗಳನ್ನು, ಅದರಲ್ಲಿಯೂ ಶಿಶುನಾಳದ ಷರೀಫರ (1819-1889) ಹಾಡುಗಳನ್ನು ಕೇಳಿ ಬೆಳೆದವರಿಗೆ ಈ ರೀತಿ ಅಪರಿಚಿತವೆನಿಸದು. ಕುಷ್ಟಿಯಾದ ಲಾಲನ್ ಫಕೀರನು ತೀರಿಕೊಂಡುದು 1890ರಲ್ಲಿ, ಷರೀಫರು ತೀರಿಕೊಂಡ ಮರುವರ್ಷವೇ. ಒಬ್ಬರನ್ನೊಬ್ಬರು ಅರಿಯದ ಈ ಇಬ್ಬರೂ ಹಿಂದೂ ಮುಸಲ್ಮಾನರೆಂಬ ಎಣಿಕೆಗೆ ಸಿಕ್ಕದೆ ಉಳಿದವರು.

ತೀರ್ಥವನ್ನೊಪ್ಪದವರು ತೀರ್ಥದಲ್ಲಿಯೇ ಕೂಡುವುದಕ್ಕೆ ಕಾರಣ ಸಹಜಿಯಾ ವೈಷ್ಣವರ ಪರಂಪರೆಯಲ್ಲಿದೆಯೆಂದು ನನಗೆ ತೋರುತ್ತದೆ. ಸಹಜಿಯಾಗಳು ಜಯದೇವನನ್ನು ಬರಿಯ ಕವಿಯೆಂದು ಎಣಿಸಿದವರಲ್ಲ. ಚಂಡೀದಾಸ, ವಿದ್ಯಾಪತಿ, ಬಿಲ್ವಮಂಗಲ ಮೊದಲಾದವರೊಡನೆ ಅವನನ್ನು ನವರಸಿಕರಲ್ಲಿ ಒಬ್ಬನೆಂದು, ಪದ್ಮಾವತಿಯ ಜೊತೆಗೂಡಿ ಪ್ರೇಮಸಾಧನೆ ಮಾಡಿದ ಸಿದ್ಧನೆಂದು ಗಣಿಸಿದರು. ಕೆಂದುಲಿಯಲ್ಲಿ ಹೇಳುವ ಇನ್ನೊಂದು ಪ್ರಸಿದ್ಧ ಕಥೆಯೂ ಇದಕ್ಕೆ ಒಗ್ಗುತ್ತದೆ. ರಾಧೆಯ ಪಾದವನ್ನು ತನ್ನ ತಲೆಯ ಮೇಲಿಡೆಂದು ಕೃಷ್ಣನು ಬೇಡುವ ಮಾತನ್ನು ಬರೆಯಲು ಅಂಜಿ ಜಯದೇವನು ನದಿಗೆ ಸ್ನಾನಕ್ಕೆ ಹೋದಾಗ, ಕೃಷ್ಣನೇ ಅವನ ರೂಪದಲ್ಲಿ ಬಂದು, ಸಾಲನ್ನು ತುಂಬಿ, ಪದ್ಮಾವತಿ ಬಡಿಸಿದ ಊಟವನ್ನುಂಡು ಹೋದನಂತೆ. ಮಂದಿರದವರಿಗೆ ಇದು ಭಗವಂತನ ಕೃಪೆಯ ಕಥೆ. ಅದನ್ನೇ ಸಹಜಿಯಾ ದೃಷ್ಟಿಯಿಂದ ಕೇಳಿದರೆ, ದೇವರಿಗೂ ಕವಿಗೂ ರೂಪದಲ್ಲಿ ಭೇದವಿಲ್ಲ, ದೇವರು ಹೆಣ್ಣಿನ ಪಾದಕ್ಕೆ ಬಾಗುತ್ತಾನೆ ಎಂಬ ತತ್ತ್ವದ ಕಥೆ. ಒಂದೇ ಊರಿನಲ್ಲಿ ಒಂದೇ ಕಥೆಯನ್ನು ಎರಡು ಕಿವಿಗಳಿಂದ ಕೇಳುವ ಜನ ಜೊತೆಯಾಗಿ ಸೇರಿದರು. ಹಾಗೆ ಸೇರಿದವರನ್ನು ಮಂದಿರವು ಒಳಗೆ ಕರೆಯಲಿಲ್ಲ, ಮರದ ಬುಡದಿಂದ ಎಬ್ಬಿಸಿಯೂ ಕಳುಹಿಸಲಿಲ್ಲ.

ಬಾವುಲರೆಂಬ ಹೆಸರಿನ ಇತಿಹಾಸವೂ ಎಚ್ಚರಿಕೆಯಿಂದ ನೋಡತಕ್ಕುದು. 15-16ನೆಯ ಶತಮಾನಗಳ ಬಂಗಾಳಿ ಗ್ರಂಥಗಳಲ್ಲಿ, ಅನಂತರ ಚೈತನ್ಯಚರಿತಾಮೃತದಲ್ಲಿ, ಈ ಶಬ್ದ ಬರುತ್ತದೆ. ಆದರೆ ಅಲ್ಲಿ ಅದಕ್ಕೆ ಹುಚ್ಚ, ಭಾವಪರವಶ ಎಂಬ ಅರ್ಥವೇ ಹೊರತು ಒಂದು ಪಂಥದ ಹೆಸರೆಂಬ ಅರ್ಥವಿಲ್ಲ. ಪಂಥವೆಂದು ಅವರನ್ನು ವರ್ಣಿಸಿದ ಗ್ರಂಥಗಳಲ್ಲಿ ಮುಖ್ಯವಾದುದು ಅಕ್ಷಯಕುಮಾರ ದತ್ತರು 1870ರಲ್ಲಿ ಪ್ರಕಟಿಸಿದ ಉಪಾಸಕ ಸಂಪ್ರದಾಯಗಳ ವಿವರಣೆಯ ಮೊದಲ ಭಾಗ. ಅಲ್ಲಿ ಅವರ ಆಚಾರಗಳ ಬಗೆಗೆ ಜುಗುಪ್ಸೆಯ ಮಾತುಗಳೇ ಹೆಚ್ಚು. 1896ರಲ್ಲಿ ಜೋಗೇಂದ್ರನಾಥ ಭಟ್ಟಾಚಾರ್ಯರು ಬರೆದ ಜಾತಿಮತಗಳ ಗ್ರಂಥದಲ್ಲಿಯೂ ಧೋರಣೆ ಇದೇ. ವಿದ್ಯಾವಂತ ಹಿಂದುಗಳು ಹೀಗೆ ಹಳಿದರೆ, ಮುಸಲ್ಮಾನ ಸುಧಾರಕರು ಇನ್ನೊಂದು ಕಡೆಯಿಂದ ಹಳಿದರು. 1920ರ ದಶಕದಲ್ಲಿ ಉತ್ತರ ಬಂಗಾಳದಲ್ಲಿ ಬಾವುಲರ ವಿರುದ್ಧ ಫತ್ವಾವೇ ಅಚ್ಚಾಯಿತು. ಈಗ ನಾಡಿನ ಹೆಮ್ಮೆಯೆಂದು ಹೊಗಳಿಸಿಕೊಳ್ಳುವ ಹಾಡುಗಾರರು ನೂರು ವರ್ಷಗಳ ಹಿಂದೆ ಎರಡು ಧರ್ಮಗಳ ಮರ್ಯಾದಸ್ಥರಿಗೂ ಬೇಡವಾಗಿದ್ದರೆಂಬುದನ್ನು ಮರೆತರೆ ಕೆಂದುಲಿಯ ಚರಿತ್ರೆ ಅರ್ಥವಾಗುವುದಿಲ್ಲ. ಮನೆ ಬಾಗಿಲಲ್ಲಿ ಒಂಟಿಯಾಗಿ ನಿಲ್ಲುವವನಿಗೆ ವರ್ಷಕ್ಕೊಮ್ಮೆ ತನ್ನವರ ನಡುವೆ ಕುಳಿತು ತನ್ನ ಹಾಡಿನ ಒಳಅರ್ಥವನ್ನು ಬಿಚ್ಚಿ ಹೇಳಬಲ್ಲ ಜಾಗವೊಂದು ಬೇಕಾಗಿತ್ತು.

ಈ ಅಭಿಪ್ರಾಯ ಬದಲಾದುದರಲ್ಲಿ ರವೀಂದ್ರನಾಥ ಠಾಕೂರರ ಪಾತ್ರ ದೊಡ್ಡದು. ಶಿಲಾಯಿದಹದ ಜಮೀನುದಾರಿಕೆಯನ್ನು ನೋಡಿಕೊಳ್ಳುತ್ತಿದ್ದಾಗ ಗಗನ ಹರಕರನೆಂಬ ಅಂಚೆಯವನ ಹಾಡನ್ನು ಅವರು ಕೇಳಿದರು. 1905ರ ವಂಗಭಂಗದ ಚಳವಳಿಯ ಕಾಲದಲ್ಲಿ ಅವನ ಹಾಡೊಂದರ ಧಾಟಿಯ ಮೇಲೆ ರಚಿಸಿದ ಗೀತೆಯೇ ಮುಂದೆ ಬಾಂಗ್ಲಾದೇಶದ ರಾಷ್ಟ್ರಗೀತೆಯಾಯಿತು. 1915ರಿಂದ ಪ್ರವಾಸೀ ಪತ್ರಿಕೆಯಲ್ಲಿ ಜನಪದ ಗೀತೆಗಳು ಪ್ರಕಟವಾಗತೊಡಗಿದಾಗ ಮೊದಲು ಅಚ್ಚಾದುದೂ ಗಗನನ ಹಾಡೇ. 1916ರಲ್ಲಿ ತಮ್ಮ ಫಾಲ್ಗುನೀ ನಾಟಕದಲ್ಲಿ ರವೀಂದ್ರರು ಕುರುಡ ಬಾವುಲನ ಪಾತ್ರವನ್ನು ತಾವೇ ಧರಿಸಿದರು. 1930ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಉಪನ್ಯಾಸಗಳಲ್ಲಿ ಬಾವುಲರ ಮನದ ಮನುಷ್ಯನನ್ನು ಜಗತ್ತಿನ ವಿದ್ವಾಂಸರ ಮುಂದೆ ನಿಲ್ಲಿಸಿದರು. ಇದರಿಂದ ಬಾವುಲರಿಗೆ ಗೌರವ ದೊರೆಯಿತು. ಆದರೆ ಗೌರವದ ಜೊತೆಗೆ ಒಂದು ಸೋಸುವಿಕೆಯೂ ನಡೆಯಿತು. ರವೀಂದ್ರರ ಸಹೋದ್ಯೋಗಿಗಳಾದ ಕ್ಷಿತಿಮೋಹನ ಸೇನರು ಸಂಗ್ರಹಿಸಿ ಪ್ರಕಟಿಸಿದ ಹಾಡುಗಳಲ್ಲಿ ದೇಹಸಾಧನೆಯ ವಾಸನೆ ಇಲ್ಲವೆನ್ನುವಷ್ಟು ಕಡಮೆ. ಉಪನಿಷತ್ತಿನ ಪಕ್ಕದಲ್ಲಿ ಇಡಬಹುದಾದ ಹಾಡುಗಳು ಅವು. ಹಳ್ಳಿಹಳ್ಳಿ ತಿರುಗಿ ಸಾಧಕರಿಂದಲೇ ಹಾಡುಗಳನ್ನು ಬರೆದುಕೊಂಡು 1957ರಲ್ಲಿ ಬೃಹದ್ಗ್ರಂಥವನ್ನು ಪ್ರಕಟಿಸಿದ ಉಪೇಂದ್ರನಾಥ ಭಟ್ಟಾಚಾರ್ಯರು ಸೇನರ ಸಂಗ್ರಹದ ಪ್ರಾಮಾಣ್ಯವನ್ನು ಪ್ರಶ್ನಿಸಿದರು. ಈ ವಾದದಲ್ಲಿ ನನ್ನ ಒಲವು ಉಪೇಂದ್ರನಾಥರ ಕಡೆಗೆ. ಹಾಡನ್ನು ಮೆಚ್ಚಿ, ಹಾಡಿದವನ ಬಾಳನ್ನು ಮರೆಮಾಚುವುದು ಸಂಗ್ರಾಹಕನ ಕೆಲಸವಲ್ಲ. ನಮ್ಮಲ್ಲಿಯೂ ತತ್ತ್ವಪದಗಳನ್ನು ಅಚ್ಚಿಗೆ ಕೊಡುವಾಗ ಈ ಪ್ರಲೋಭನೆಗೆ ಒಳಗಾದವರು ಇಲ್ಲದಿಲ್ಲ.

ಶಾಂತಿನಿಕೇತನದಲ್ಲಿ 1894ರಲ್ಲಿ ಮೊದಲಾದ ಪೌಷ ಮೇಳಕ್ಕೂ ಬಾವುಲರು ಬರುವುದುಂಟು. ಅದು ಪೌಷದ ಏಳನೆಯ ದಿನ, ಎಂದರೆ ಕೆಂದುಲಿಗಿಂತ ಮೂರು ವಾರ ಮೊದಲು. ಎರಡಕ್ಕೂ ಇರುವ ಅಂತರ ಸ್ವಾರಸ್ಯಕರವಾದುದು: ಅಲ್ಲಿ ಬಾವುಲನು ಅತಿಥಿ, ಇಲ್ಲಿ ಅವನೇ ಮನೆಯವನು. ಅಲ್ಲಿ ಕೇಳಿದ ಪಟ್ಟಣದ ರಸಿಕರು ದಾರಿ ಹುಡುಕಿಕೊಂಡು ಇಲ್ಲಿಗೂ ಬರತೊಡಗಿದರು. ಬೀರ್‌ಭೂಮಿನ ನವನೀದಾಸ ಬಾವುಲನ ಮಕ್ಕಳಾದ ಪೂರ್ಣದಾಸ, ಲಕ್ಷ್ಮಣದಾಸರು 1967ರಲ್ಲಿ ಅಮೆರಿಕೆಗೆ ಹೋಗಿ, ಬಾಬ್ ಡಿಲನ್ನನ ಧ್ವನಿಮುದ್ರಿಕೆಯೊಂದರ ಹೊದಿಕೆಯ ಮೇಲೆ ಅವನ ಅಕ್ಕಪಕ್ಕದಲ್ಲಿ ನಿಂತ ಚಿತ್ರ ಜಗತ್ತಿನ ಸುತ್ತ ಹರಡಿತು. 2005ರಲ್ಲಿ ಬಾಂಗ್ಲಾದೇಶದ ಬಾವುಲ ಗಾನವನ್ನು ಯುನೆಸ್ಕೋ ಸಂಸ್ಥೆ ಮಾನವಕುಲದ ಮೇರುಕೃತಿಗಳಲ್ಲಿ ಒಂದೆಂದು ಸಾರಿತು. 2008ರಲ್ಲಿ ಅದು ಅಮೂರ್ತ ಪರಂಪರೆಯ ಪ್ರಾತಿನಿಧಿಕ ಪಟ್ಟಿಗೆ ಸೇರಿತು. ಘೋಷಣೆ ಒಂದು ರಾಷ್ಟ್ರದ ಹೆಸರಿನಲ್ಲಾಯಿತು. ಹಾಡು ಮಾತ್ರ 1947ರ ಗಡಿಯ ಎರಡು ಕಡೆಗೂ ಸೇರಿದುದು. ಪಶ್ಚಿಮ ಬಂಗಾಳ ಸರಕಾರವು 2014ರಲ್ಲಿ ಲೋಕಪ್ರಸಾರ ಪ್ರಕಲ್ಪವನ್ನು ಆರಂಭಿಸಿ, ನೋಂದಣಿಯಾದ ಜನಪದ ಕಲಾವಿದರಿಗೆ ಮಾಸಾಶನವನ್ನೂ ಕಾರ್ಯಕ್ರಮಗಳನ್ನೂ ಒದಗಿಸಿತು. ಭಿಕ್ಷಾಪಾತ್ರೆಯ ಸ್ಥಾನದಲ್ಲಿ ಗುರುತಿನ ಚೀಟಿ ಬಂದಿತು. ಇದನ್ನು ಹಗುರವಾಗಿ ನಿಂದಿಸುವುದು ಸಂಬಳ ಪಡೆಯುವ ನಮ್ಮಂಥವರಿಗೆ ಒಪ್ಪುವುದಿಲ್ಲ. ಮುಪ್ಪಿನಲ್ಲಿ ಹಾಡುಗಾರನ ಹೊಟ್ಟೆಗೆ ಅನ್ನವಿರಬೇಕು. ಆದರೆ ನೋಂದಣಿಯ ಕಣ್ಣಿಗೆ ಕಾಣುವವನು ಕಲಾವಿದ ಮಾತ್ರ, ಸಾಧಕನಲ್ಲ.

ಈ ಭೇದ ಹಾಡಿನ ರೀತಿಯಲ್ಲಿಯೇ ಎದ್ದು ತೋರುತ್ತದೆ. ಬಾವುಲನ ವಾದ್ಯಗಳು ಅಲ್ಪ. ಒಂದು ಕೈಯಲ್ಲಿ ಏಕತಾರಿ, ಸೊಂಟದಲ್ಲಿ ಡುಗ್ಗಿಯೆಂಬ ಸಣ್ಣ ಮಣ್ಣಿನ ವಾದ್ಯ, ಕಾಲಿಗೆ ಗೆಜ್ಜೆ. ಜೊತೆಯವರಲ್ಲಿ ದೋತಾರ, ಖಮಕ್. ಖಮಕ್ ಎಂಬುದು ನಮ್ಮ ಎಲ್ಲಮ್ಮನ ಹಾಡುಗಾರರ ಚೌಡಿಕೆಯ ಜಾತಿಯದು: ಚರ್ಮದಿಂದ ಹೊರಟ ತಂತಿಯನ್ನು ಎಳೆದು ಸಡಿಲಿಸಿ ಮೀಟುವ ವಾದ್ಯ. ಆಖ್‌ಡಾದಲ್ಲಿ ಒಬ್ಬನು ಹಾಡಿನಲ್ಲಿ ಪ್ರಶ್ನೆಯನ್ನು ಒಡ್ಡುತ್ತಾನೆ. ಇನ್ನೊಬ್ಬನು ಹಾಡಿನಲ್ಲಿಯೇ ಉತ್ತರ ಕೊಡಬೇಕು. ಕೊಟ್ಟ ಉತ್ತರ ಗುರುವಿಗೆ ಒಪ್ಪಿಗೆಯಾಗದಿದ್ದರೆ ಮತ್ತೊಬ್ಬನು ಎತ್ತಿಕೊಳ್ಳುತ್ತಾನೆ. ಒಂದು ಪ್ರಶ್ನೆಗೆ ಇಡೀ ರಾತ್ರಿ ಸಾಲದಿರಬಹುದು. ವೇದಿಕೆಯ ಮೇಲೆ ಒಬ್ಬೊಬ್ಬರಿಗೂ ಕೆಲವು ನಿಮಿಷಗಳನ್ನು ಹಂಚಿದಾಗ ಪ್ರಶ್ನೆಗೆ ಸ್ಥಳ ಸಿಕ್ಕುತ್ತದೆ, ಉತ್ತರಕ್ಕೆ ಸಿಕ್ಕುವುದಿಲ್ಲ. ಧ್ವನಿವರ್ಧಕಗಳು ಒಂದು ಚಪ್ಪರದ ಹಾಡನ್ನು ಇನ್ನೊಂದು ಚಪ್ಪರದೊಳಕ್ಕೆ ನುಗ್ಗಿಸಿದಾಗ ಈ ಸಂವಾದದ ರೀತಿಯೇ ಕೆಡುತ್ತದೆ. ಜನಸಂದಣಿ ಹೆಚ್ಚಾದುದರಿಂದ ಸಮಾವೇಶ ಬೆಳೆಯಿತೆಂದು ಲೆಕ್ಕ ಹಾಕುವವರು ಇದನ್ನು ಗಮನಿಸುವುದಿಲ್ಲ. ಹೀಗಿದ್ದರೂ ಕೆಲವು ಆಖ್‌ಡಾಗಳಲ್ಲಿ, ಪೇಟೆಯ ಜನ ನಿದ್ದೆಗೆ ತೆರಳಿದ ಮೇಲೆ, ಗದ್ದಲ ಇಳಿದ ಹೊತ್ತಿನಲ್ಲಿ, ಹಳೆಯ ರೀತಿಯ ಪ್ರಶ್ನೋತ್ತರ ತೊಡಗುತ್ತದೆ. ಬೆಳಗಿನ ಜಾವಕ್ಕೆ ಸ್ನಾನದವರು ಚಳಿಯಲ್ಲಿ ಕದಂಬಖಂಡಿ ಘಟ್ಟಕ್ಕೆ ಇಳಿಯುವಾಗ ಉತ್ತರ ಇನ್ನೂ ಮುಗಿದಿರುವುದಿಲ್ಲ. ಅನ್ನಛತ್ರದ ಒಲೆ ಹೊತ್ತಿಕೊಂಡ ಮೇಲೆಯೇ ಏಕತಾರಿಯನ್ನು ಕೆಳಗಿಡುವುದು.